ಟೈರಿನ ಗಾಳಿ ಬಿಡೋ ಮೊದಲು ಸೇಲ್ ಡೀಡ್ ತೆಗೆಯಿರಿ: ಅಪಾರ್ಟ್‌ಮೆಂಟ್ ಪಾರ್ಕಿಂಗ್ ಜಗಳಕ್ಕೊಂದು ಮಾರ್ಗದರ್ಶಿ

ರಾತ್ರಿ ಒಂಬತ್ತೂವರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಮನೆ ಸೇರುವಷ್ಟರಲ್ಲಿ ಅರ್ಧ ಜೀವ ಹೋಗಿದೆ. ಬೇಸ್‌ಮೆಂಟಿಗೆ ಇಳಿದರೆ ನಿಮ್ಮ ಸ್ಲಾಟಿನಲ್ಲಿ ಯಾರದೋ ಬಿಳಿ ಕಾರು. ಸೆಕ್ಯೂರಿಟಿಯವರನ್ನು ಕೇಳಿದರೆ, "ಮೂರನೇ ಫ್ಲೋರಿಗೆ ಗೆಸ್ಟ್ ಬಂದಿದ್ದಾರೆ ಸಾರ್, ಐದೇ ನಿಮಿಷ ಅಂದ್ರು" ಅನ್ನುತ್ತಾರೆ. ಆ ಐದು ನಿಮಿಷ ಊಟ ಮುಗಿದು, ಹಣ್ಣು ತಿಂದು, ಎಲೆ ಅಡಿಕೆ ಹಾಕೋವರೆಗೂ ನಡೆಯುತ್ತೆ ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತು.

ಬೆಂಗಳೂರಿನ ದಕ್ಷಿಣದಲ್ಲಿರುವ 48 ಮನೆಗಳ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಎರಡು ವರ್ಷ ಅಸೋಸಿಯೇಷನ್ ಕಾರ್ಯದರ್ಶಿಯಾಗಿದ್ದೆ. ನೀರಿನ ಟ್ಯಾಂಕರ್, ಕೆಟ್ಟ ಲಿಫ್ಟ್, ಬೊಗಳುವ ನಾಯಿ, ಎಲ್ಲದರ ದೂರೂ ಬರುತ್ತಿತ್ತು. ಆದರೆ ಜನ ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟುತ್ತಿದ್ದದ್ದು ಪಾರ್ಕಿಂಗಿಗೆ ಮಾತ್ರ. ಹಾಗೆ ಬಂದವರಲ್ಲಿ ಹೆಚ್ಚಿನವರು "ಅದು ನನ್ನ ಜಾಗ" ಅನ್ನುತ್ತಿದ್ದರು. ನಿಮ್ಮ ಸೇಲ್ ಡೀಡಿನಲ್ಲಿ, ಅಂದರೆ ಮನೆಯ ನೋಂದಾಯಿತ ಕ್ರಯಪತ್ರದಲ್ಲಿ, ಆ ಜಾಗದ ಬಗ್ಗೆ ಏನು ಬರೆದಿದೆ ಅಂತ ಕೇಳಿದರೆ ಸುಮ್ಮನಾಗುತ್ತಿದ್ದರು. ನನ್ನದೇ ಡೀಡಿನಲ್ಲಿ ಏನಿದೆ ಅಂತ ನಾನೂ ಅಲ್ಲಿಯವರೆಗೆ ನೋಡಿರಲಿಲ್ಲ, ಸತ್ಯ ಹೇಳಬೇಕಲ್ವಾ.

ಕೆಳಗೆ ಬರೆದಿರುವುದು ಕರ್ನಾಟಕದ, ಅದರಲ್ಲೂ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಹೊಂದುವ ದಾರಿ. ಕೋರ್ಟಿಗೆ ಹೋಗುವ ಹಂತ ಬಂದರೆ ವಕೀಲರು ಬೇಕೇ ಬೇಕು. ಆದರೆ ಹೆಚ್ಚಿನ ಜಗಳಗಳು ಅಷ್ಟು ದೂರ ಹೋಗಬೇಕಿಲ್ಲ.

ಹಂತ 1: ಆ ರಾತ್ರಿ ಏನು ಮಾಡಬೇಕು

ಮೊದಲು ಫೋಟೋ ತೆಗೆಯಿರಿ. ಕಾರಿನ ನಂಬರ್ ಪ್ಲೇಟ್, ಗೋಡೆ ಅಥವಾ ಪಿಲ್ಲರ್ ಮೇಲೆ ಬರೆದ ಸ್ಲಾಟ್ ನಂಬರ್, ನೆಲದ ಗೆರೆ, ಮೂರೂ ಒಂದೇ ಚಿತ್ರದಲ್ಲಿ ಬರಬೇಕು. ಆಮೇಲೆ ಸೆಕ್ಯೂರಿಟಿ ಪುಸ್ತಕದಲ್ಲಿ ಒಂದು ಸಾಲು ಬರೆಸಿ: ದಿನ, ಹೊತ್ತು, ಗಾಡಿ ನಂಬರ್, ಯಾವ ಮನೆಗೆ ಬಂದದ್ದು. ಇಂಟರ್‌ಕಾಮಿನಲ್ಲಿ ಆ ಮನೆಗೆ ಫೋನ್ ಮಾಡಿಸಿ. ನೀವೇ ಮಾತಾಡುವುದಾದರೆ "ಸಾರ್, ಬಿ-27 ನಮ್ಮದು, ನಿಮ್ಮ ಕಡೆಯ ಗಾಡಿ ಇದೆ, ಸ್ವಲ್ಪ ತೆಗೆಸ್ತೀರಾ?" ಅಂದರೆ ಸಾಕು. ಹತ್ತರಲ್ಲಿ ಏಳು ಸಲ ಅಷ್ಟಕ್ಕೇ ಗಾಡಿ ತೆಗೆಯುತ್ತಾರೆ.

ಮಾಡಬಾರದ್ದು ಮೂರು. ಆ ಕಾರಿನ ಹಿಂದೆ ನಿಮ್ಮ ಕಾರು ಅಡ್ಡ ನಿಲ್ಲಿಸಿ ಮೇಲೆ ಹೋಗಬೇಡಿ. ಬೆಳಗಿನ ಜಾವ ಆ ಮನೆಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದರೆ ತಪ್ಪು ಪೂರ್ತಿ ನಿಮ್ಮ ತಲೆಗೆ ಬರುತ್ತೆ. ಅಡ್ಡಗಟ್ಟುವುದು ಭಾರತೀಯ ನ್ಯಾಯ ಸಂಹಿತೆಯ 126ನೇ ಸೆಕ್ಷನ್ನಿನ ಕೆಳಗೆ ದೂರಾಗಲೂಬಹುದು. ಟೈರಿನ ಗಾಳಿ ಬಿಡಬೇಡಿ, ಬಾನೆಟ್ ಮೇಲೆ ಗೀಚಬೇಡಿ. ಗಾಡಿಗೆ ಹಾನಿ ಮಾಡಿದರೆ ಅದು 324ನೇ ಸೆಕ್ಷನ್. ಈಗ ಪ್ರತಿ ಬೇಸ್‌ಮೆಂಟಿನಲ್ಲೂ ಸಿಸಿ ಕ್ಯಾಮೆರಾ ಇದೆ ಅನ್ನೋದು ಕೋಪದಲ್ಲಿ ಮರೆತುಹೋಗುತ್ತೆ. ಮೂರನೆಯದು, ಫೋಟೋವನ್ನು ಅಸೋಸಿಯೇಷನ್ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಅಲ್ಲಿ ನ್ಯಾಯ ಸಿಕ್ಕಿದ್ದನ್ನು ನಾನಂತೂ ನೋಡಿಲ್ಲ. ಎಂಟು ಜನ ಥಂಬ್ಸ್ ಅಪ್ ಹಾಕುತ್ತಾರೆ, ನಾಲ್ಕು ಜನ ಬೆಂಕಿಗೆ ತುಪ್ಪ ಸುರಿಯುತ್ತಾರೆ, ಒಬ್ಬರು ಗುಲಾಬಿ ಹೂವಿನ ಗುಡ್ ನೈಟ್ ಕಳಿಸುತ್ತಾರೆ.

ಆ ರಾತ್ರಿಗೆ ವಿಸಿಟರ್ಸ್ ಜಾಗದಲ್ಲಿ ನಿಲ್ಲಿಸಿ, ಯಾಕೆ ಅಲ್ಲಿ ನಿಲ್ಲಿಸಿದಿರಿ ಅಂತಲೂ ಪುಸ್ತಕದಲ್ಲಿ ಬರೆಸಿ, ಮಲಗಿ.

ಹಂತ 2: ಕಡತ ತೆಗೆಯಿರಿ

ಒಂದು ಸಲ ಆದದ್ದಾದರೆ ಬಿಟ್ಟುಬಿಡಿ. ಮತ್ತೆ ಮತ್ತೆ ಆಗುತ್ತಿದ್ದರೆ, ಅಥವಾ ಎದುರಿನವರು "ಅದು ನಮ್ಮ ಸ್ಲಾಟು" ಅಂತಲೇ ವಾದಿಸಿದರೆ, ಭಾನುವಾರ ಬೆಳಗ್ಗೆ ಒಂದು ಗಂಟೆ ಇದಕ್ಕೆ ಮೀಸಲಿಡಿ. ಬೀರುವಿನಿಂದ ಸೇಲ್ ಡೀಡ್ ತೆಗೆಯಿರಿ.

ಡೀಡಿನ ಕೊನೆಗೆ ಶೆಡ್ಯೂಲ್‌ಗಳಿರುತ್ತವೆ. ಸಾಮಾನ್ಯವಾಗಿ ಎ ಅಂದರೆ ಇಡೀ ಜಮೀನು, ಬಿ ಅಂದರೆ ಅದರಲ್ಲಿ ನಿಮ್ಮ ಅವಿಭಜಿತ ಪಾಲು, ಸಿ ಅಂದರೆ ನಿಮ್ಮ ಫ್ಲ್ಯಾಟು. ಪಾರ್ಕಿಂಗ್ ಮಾತು ಸಾಮಾನ್ಯವಾಗಿ ಸಿ ಶೆಡ್ಯೂಲಿನ ಬಾಲದಲ್ಲಿ ಒಂದೇ ಒಂದು ಸಾಲಿನಲ್ಲಿ ಇರುತ್ತೆ. ಆ ಒಂದು ಸಾಲಿನ ಮೇಲೆ ನಿಮ್ಮ ಇಡೀ ವಾದ ನಿಂತಿದೆ.

ಅದು ಮೂರು ಥರ ಇರಬಹುದು. ಕೆಳ ಬೇಸ್‌ಮೆಂಟಿನಲ್ಲಿ ಇಂಥ ನಂಬರಿನ ಸ್ಲಾಟ್ ಅಂತ ಬರೆದಿದ್ದರೆ ನೀವು ಅದೃಷ್ಟವಂತರು. ಎರಡನೆಯದು, ಎಲ್ಲಕ್ಕಿಂತ ಜಾಸ್ತಿ ಕಾಣುವುದು: "ಒಂದು ಕವರ್ಡ್ ಕಾರ್ ಪಾರ್ಕಿಂಗ್ ಸಹಿತ" ಅಂತ ಮಾತ್ರ ಇರುತ್ತೆ, ನಂಬರ್ ಇರುವುದಿಲ್ಲ. ಆಗ ಒಂದು ಸ್ಲಾಟಿನ ಮೇಲೆ ನಿಮಗೆ ಹಕ್ಕಿದೆ, ಆದರೆ ಯಾವುದು ಅಂತ ಡೀಡ್ ಹೇಳೋಲ್ಲ. ಅದನ್ನು ಬಿಲ್ಡರ್ ಕೊಟ್ಟ ಅಲಾಟ್‌ಮೆಂಟ್ ಪತ್ರ, ಅಸೋಸಿಯೇಷನ್ನಿನ ಪಾರ್ಕಿಂಗ್ ಪಟ್ಟಿ, ಹಳೇ ಇಮೇಲ್, ಸ್ಟಿಕ್ಕರ್, ಇಷ್ಟು ವರ್ಷ ಅಲ್ಲೇ ನಿಲ್ಲಿಸಿದ್ದಕ್ಕೆ ಫೋಟೋ, ಇವುಗಳಿಂದ ತೋರಿಸಬೇಕು. ಮೂರನೆಯದು, ಪಾರ್ಕಿಂಗ್ ಮಾತೇ ಇಲ್ಲದ ಡೀಡ್. ಬಿಲ್ಡರ್ ಎರಡು ಮೂರು ಲಕ್ಷ ಕೈಯಲ್ಲಿ ಇಸ್ಕೊಂಡು, "ಇದು ನಿಮ್ಮದೇ ಸಾರ್" ಅಂತ ಬೆರಳು ತೋರಿಸಿ ಹೋಗಿರುತ್ತಾರೆ. ರಸೀದಿ ಇಲ್ಲದಿದ್ದರೆ ನಿಮಗಿರುವ ಬಲ ಅಸೋಸಿಯೇಷನ್ನಿನ ಪಟ್ಟಿ ಒಂದೇ.

ಡೀಡ್ ಬ್ಯಾಂಕಿನಲ್ಲಿ ಅಡವಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ಪ್ರತಿ ಸಿಗುತ್ತೆ. ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲಿನಲ್ಲೂ ಅರ್ಜಿ ಹಾಕಬಹುದು. ಅದರ ಜೊತೆಗೇ ಡೀಡ್ ಆಫ್ ಡಿಕ್ಲರೇಷನ್ ಪ್ರತಿಯನ್ನೂ ಹುಡುಕಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಕೆಳಗೆ ನಿಮ್ಮ ಕಟ್ಟಡ ಬಂದಿದ್ದರೆ ಈ ಪತ್ರ ನೋಂದಣಿಯಾಗಿರುತ್ತೆ, ಬೈಲಾ, ಅಂದರೆ ಅಸೋಸಿಯೇಷನ್ನಿನ ನಿಯಮಾವಳಿ, ಅದರ ಜೊತೆಗೇ ಇರುತ್ತೆ. ಯಾವುದು ಎಲ್ಲರಿಗೂ ಸೇರಿದ ಜಾಗ, ಯಾವುದು ಕೆಲವರಿಗೆ ಮಾತ್ರ ಬಿಟ್ಟದ್ದು ಅನ್ನುವುದನ್ನು ಅಲ್ಲಿ ಬರೆದಿರಬೇಕು.

ಕೊನೆಗೆ ಮಂಜೂರಾದ ನಕ್ಷೆ. ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿಯಾದ ಪ್ರಾಜೆಕ್ಟಾದರೆ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಪ್ರಾಜೆಕ್ಟ್ ಹೆಸರು ಹಾಕಿ ಹುಡುಕಿ. ಬಿಲ್ಡರ್ ಅಪ್‌ಲೋಡ್ ಮಾಡಿದ ನಕ್ಷೆ ಅಲ್ಲಿರುತ್ತೆ. ಹಳೇ ಕಟ್ಟಡವಾದರೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಬೆಂಗಳೂರಿನಲ್ಲಿ ಮೊದಲು ಬಿಬಿಎಂಪಿ ಇತ್ತು, 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಾಗಿವೆ. ನಿಮ್ಮ ಏರಿಯಾ ಯಾವ ಪಾಲಿಕೆಗೆ ಸೇರಿದೆ ನೋಡಿಕೊಂಡು ಅಲ್ಲಿಗೆ ಕಳಿಸಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹಾಗಾಗಿ ನಿಮ್ಮ ಗೋಳೆಲ್ಲ ಅದರಲ್ಲಿ ಬರೆಯಬೇಡಿ. "ಇಂಥ ವಿಳಾಸದ ಕಟ್ಟಡದ ಮಂಜೂರಾದ ನಕ್ಷೆಯ ಬೇಸ್‌ಮೆಂಟ್, ಸ್ಟಿಲ್ಟ್ ಮತ್ತು ನೆಲಮಹಡಿಯ ಹಾಳೆಗಳ ದೃಢೀಕೃತ ಪ್ರತಿ ಕೊಡಿ" ಅಂತ ಕೇಳಿದರೆ ಮುಗೀತು. ಸ್ಟಿಲ್ಟ್ ಅಂದರೆ ಕಟ್ಟಡದ ಕೆಳಗೆ ಕಂಬಗಳ ಮಧ್ಯೆ ಬಿಟ್ಟ ಪಾರ್ಕಿಂಗ್ ಜಾಗ.

ಹಂತ 3: ಜಾಗ ಯಾರದು ಅನ್ನೋ ತಕರಾರು

ಇಲ್ಲಿ ಬಹಳ ಜನ ಎಡವುತ್ತಾರೆ. "ದುಡ್ಡು ಕೊಟ್ಟು ಕೊಂಡುಕೊಂಡಿದ್ದೀನಿ" ಅಂತ ಹೇಳುವ ಸ್ಲಾಟು ನಿಜಕ್ಕೂ ಮಾರಾಟವಾಗುವ ಸ್ವತ್ತೇ ಅನ್ನುವುದೇ ಪ್ರಶ್ನೆ.

ಮುಂಬೈ ದಹಿಸರಿನ ಒಂದು ಹೌಸಿಂಗ್ ಸೊಸೈಟಿಯಲ್ಲಿ ಬಿಲ್ಡರ್ ಸ್ಟಿಲ್ಟ್ ಪಾರ್ಕಿಂಗನ್ನು ತಾನೇ ಮಾರುತ್ತೇನೆ ಅಂತ ಕೋರ್ಟಿಗೆ ಹೋದ. ನಹಾಲ್‌ಚಂದ್ ಲಾಲೂಚಂದ್ ಮತ್ತು ಪಾಂಚಾಲಿ ಸೊಸೈಟಿ ನಡುವಿನ ಆ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2010ರ ಆಗಸ್ಟ್ 31ರಂದು ತೀರ್ಪು ಬಂತು: ಸ್ಟಿಲ್ಟ್ ಜಾಗ ಗ್ಯಾರೇಜ್ ಅಲ್ಲ, ಅದು ಎಲ್ಲ ಮಾಲೀಕರಿಗೂ ಸೇರಿದ್ದು, ಬಿಲ್ಡರ್ ಅದನ್ನೂ ತೆರೆದ ಪಾರ್ಕಿಂಗನ್ನೂ ಬೇರೆಯಾಗಿ ಮಾರುವಂತಿಲ್ಲ. ತೀರ್ಪು ನಿಂತಿದ್ದು ಮಹಾರಾಷ್ಟ್ರದ ಕಾಯ್ದೆಯ ಮೇಲೆ. ಆದರೂ ದೇಶದ ಯಾವ ಪಾರ್ಕಿಂಗ್ ಕೇಸಿನಲ್ಲೂ ವಕೀಲರು ಮೊದಲು ಎತ್ತುವ ಹೆಸರು ಇದೇ.

ನಮ್ಮ 1972ರ ಕಾಯ್ದೆಯೂ ಅದೇ ದಾರಿಯಲ್ಲಿದೆ. ಬೇಸ್‌ಮೆಂಟ್, ಅಂಗಳ, ತೋಟ, ಪಾರ್ಕಿಂಗ್ ಪ್ರದೇಶ ಇವೆಲ್ಲ ಸಾಮಾನ್ಯ ಜಾಗ ಅನ್ನುತ್ತದೆ, ಡಿಕ್ಲರೇಷನ್ನಿನಲ್ಲಿ ಬೇರೆ ಥರ ಹೇಳದಿದ್ದರೆ. ಆ "ಹೇಳದಿದ್ದರೆ" ಅನ್ನೋದು ಮುಖ್ಯ, ಅದಕ್ಕೇ ಡಿಕ್ಲರೇಷನ್ ಓದಿ ಅಂದದ್ದು. 2016ರ ರೇರಾ ಕಾಯ್ದೆ ಇನ್ನೂ ಸ್ಪಷ್ಟ. ತೆರೆದ ಪಾರ್ಕಿಂಗ್ ಸಾಮಾನ್ಯ ಜಾಗ. ಗ್ಯಾರೇಜ್ ಅಂದರೆ ಮೇಲೆ ಸೂರು, ಮೂರು ಕಡೆ ಗೋಡೆ ಇರಬೇಕು. ನಮ್ಮ ಬೇಸ್‌ಮೆಂಟುಗಳಲ್ಲಿ ಸೂರೇನೋ ಇದೆ, ಗೋಡೆ ಎಲ್ಲಿದೆ? ಹಳದಿ ಗೆರೆ ಮಾತ್ರ. ಇದನ್ನು ಹಿಡಿದು ಎರಡೂ ಕಡೆ ವಕೀಲರು ಗಂಟೆಗಟ್ಟಲೆ ವಾದ ಮಾಡುತ್ತಾರೆ. ನಿಮಗೆ ಬೇಕಾದಷ್ಟು ಇಷ್ಟೇ: ತೆರೆದ ಜಾಗವನ್ನು "ಮಾರಿದ" ಪತ್ರ ಹಿಡಿದು ಯಾರಾದರೂ ಬಂದರೆ ಅದರ ಬಲ ಬಹಳ ಕಡಿಮೆ. ಕವರ್ಡ್ ಜಾಗದಲ್ಲಿ ನಂಬರ್ ಸಹಿತ ನೋಂದಣಿಯಾದ ಡೀಡ್ ಇದ್ದರೆ ಅಸೋಸಿಯೇಷನ್ ಅದನ್ನು ಸುಮ್ನೆ ಕಿತ್ತುಕೊಳ್ಳೋಕೆ ಆಗೋಲ್ಲ. ಎರಡರ ನಡುವೆ ಇರುವ ಎಲ್ಲರೂ ಮಾತಾಡಿ ಬಗೆಹರಿಸಿಕೊಳ್ಳುವುದು ಜಾಣತನ. ಯಾಕಂದ್ರೆ ಬೆರಳು ತೋರಿಸಿ ಕೊಂಡ ಜಾಗವನ್ನು ಕೋರ್ಟಿನಲ್ಲಿ ತೋರಿಸೋದು ಕಷ್ಟ.

ಹಂತ 4: ಟೇಪು ಹಿಡಿಯಿರಿ

ಇದನ್ನು ಯಾರೂ ಮಾಡುವುದಿಲ್ಲ. ನನಗೆ ಬಹಳ ಉಪಯೋಗಕ್ಕೆ ಬಂದದ್ದು ಇದೇ.

ನಮ್ಮಲ್ಲಿ ಎರಡು ಮನೆಗಳ ನಡುವೆ ಎಂಟು ತಿಂಗಳು ಜಗಳ ನಡೆದಿತ್ತು. ಒಬ್ಬರದು ಇನ್ನೋವಾ ಕ್ರಿಸ್ಟಾ, ಪಕ್ಕದ ಸ್ಲಾಟಿನ ನಿವೃತ್ತ ಮೇಷ್ಟರದು ಹಳೇ ಆಲ್ಟೊ. ಇನ್ನೋವಾದವರು ದಿನಾ ಗೆರೆ ದಾಟಿ ಒಂದಡಿ ಮೇಷ್ಟರ ಕಡೆ ನಿಲ್ಲಿಸುತ್ತಿದ್ದರು. ಮೇಷ್ಟರು ಗೆರೆ ಮೇಲೆ ಮೊದಲು ಎರಡು ಇಟ್ಟಿಗೆ ಇಟ್ಟರು. ಅದು ಹೋಯಿತು. ಆಮೇಲೆ ತುಳಸಿ ಕುಂಡ ತಂದಿಟ್ಟರು, ತುಳಸಿಯನ್ನು ಯಾರು ಗುದ್ದುತ್ತಾರೆ ಅನ್ನೋ ಧೈರ್ಯದ ಮೇಲೆ. ಒಂದು ದಿನ ಅದೂ ಒಡೆಯಿತು. ಎರಡೂ ಮನೆಯ ಹೆಂಗಸರು ಲಿಫ್ಟಿನಲ್ಲಿ ಸಿಕ್ಕರೆ ಮುಖ ತಿರುಗಿಸಿ ಗೋಡೆ ನೋಡುತ್ತಿದ್ದರು.

ಒಂದು ಶನಿವಾರ ಬಡಗಿಯ ಹತ್ತಿರ ಟೇಪು ಇಸ್ಕೊಂಡು ಕೆಳಗೆ ಹೋದೆ. ಪ್ಲ್ಯಾನಿನಲ್ಲಿ ಒಂದು ಕಾರಿನ ಜಾಗಕ್ಕೆ ಇಟ್ಟಿದ್ದ ಅಳತೆ ಅಗಲ 2.5 ಮೀಟರ್, ಉದ್ದ 5.5 ಮೀಟರ್. ಇನ್ನೋವಾ ಸ್ಲಾಟು ಎರಡು ಪಿಲ್ಲರ್ ಮಧ್ಯೆ ಇತ್ತು. ಅಳೆದರೆ 2.28. ಕಟ್ಟುವಾಗ ಪಿಲ್ಲರ್ ದಪ್ಪ ಮಾಡಿ, ಮೇಲೆ ಗಾರೆ ಬಳಿದು, ಆ ಜಾಗ ತಿಂದಿದ್ದರು. ಕ್ರಿಸ್ಟಾದ ಅಗಲ, ಕನ್ನಡಿ ಬಿಟ್ಟು, 1.83 ಮೀಟರ್. ಉಳಿದದ್ದು 45 ಸೆಂಟಿಮೀಟರ್, ಅಂದರೆ ಒಂದೊಂದು ಬದಿಗೆ ಒಂದೊಂದು ಗೇಣು. ಒಂದು ಗೇಣು ಬಾಗಿಲು ತೆರೆದು ಮನುಷ್ಯ ಹೇಗೆ ಇಳಿಯುತ್ತಾನೆ ಹೇಳಿ? ಅದಕ್ಕೇ ಆ ಪುಣ್ಯಾತ್ಮ ಪಿಲ್ಲರ್ ದಾಟಿ ಮುಂದಕ್ಕೆ ತಂದು, ಓರೆಯಾಗಿ ನಿಲ್ಲಿಸುತ್ತಿದ್ದದ್ದು. ಅವರಿಗೆ ಸೊಕ್ಕು ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಆಲ್ಟೊ ಅಗಲ 1.49 ಮೀಟರ್. ಮೇಷ್ಟರ ಸ್ಲಾಟಿನ ಒಂದು ಕಡೆ ಪಿಲ್ಲರ್ ಇರಲಿಲ್ಲ. ಇಬ್ಬರನ್ನೂ ಟೇಪಿನ ಹತ್ತಿರ ನಿಲ್ಲಿಸಿ ಅಂಕಿ ಓದಿಸಿದೆ. ಮೇಷ್ಟರೇ, "ಇದನ್ನ ಮೊದಲೇ ಹೇಳಬಾರದಿತ್ತೇನಪ್ಪ" ಅಂದರು. ಆ ವಾರವೇ ಇಬ್ಬರೂ ಸ್ಲಾಟ್ ಅದಲು ಬದಲು ಮಾಡಿಕೊಂಡರು. ಬಾಯಿ ಮಾತಿಗೆ ಬಿಡಲಿಲ್ಲ, ಒಂದು ಹಾಳೆ ಬರೆಸಿದೆವು: ಇಬ್ಬರ ಫ್ಲ್ಯಾಟ್ ನಂಬರ್, ಎರಡೂ ಸ್ಲಾಟ್ ನಂಬರ್, ಇದು ಬಳಕೆಯ ಬದಲಾವಣೆ ಮಾತ್ರ, ಯಾರಾದರೂ ಮನೆ ಮಾರಿದರೆ ಮೊದಲಿನ ಸ್ಲಾಟ್ ವಾಪಸ್, ಇಬ್ಬರ ಸಹಿ, ಕಮಿಟಿಯ ಇಬ್ಬರ ಸಾಕ್ಷಿ. ಮನೆ ಮಾರಿದರೆ ಅನ್ನುವ ಆ ಸಾಲು ಬರೆಯದೆ ಹೋದರೆ ಹೊಸದಾಗಿ ಕೊಂಡವರಿಗೆ ಅದೇ ಜಗಳ ಬಳುವಳಿಯಾಗಿ ಹೋಗುತ್ತೆ.

ಹಂತ 5: ಬರೆದು ಕೊಡಿ

ಮಾತಿಗೆ ಬಗ್ಗದಿದ್ದರೆ ಪತ್ರ. ಕಮಿಟಿಗೆ ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಉದ್ದ ಬೇಡ, ಬೈಗುಳ ಬೇಡ, ಅವರ ಮನೆಯವರ ಸ್ವಭಾವದ ಬಗ್ಗೆ ಒಂದು ಮಾತೂ ಬೇಡ. ಹೀಗಿದ್ದರೆ ಸಾಕು:

"ಕಾರ್ಯದರ್ಶಿಗಳಿಗೆ,
ವಿಷಯ: ಸ್ಲಾಟ್ ಬಿ-27ರಲ್ಲಿ ಬೇರೆಯವರ ವಾಹನ ನಿಲ್ಲಿಸುತ್ತಿರುವ ಬಗ್ಗೆ.
ನಾನು ಫ್ಲ್ಯಾಟ್ 304ರ ಮಾಲೀಕ. ನನ್ನ ಸೇಲ್ ಡೀಡಿನ ಸಿ ಶೆಡ್ಯೂಲ್ ಮತ್ತು ಅಲಾಟ್‌ಮೆಂಟ್ ಪತ್ರದಂತೆ ಸ್ಲಾಟ್ ಬಿ-27 ನನ್ನ ಬಳಕೆಯದು. ಪ್ರತಿಗಳನ್ನು ಲಗತ್ತಿಸಿದ್ದೇನೆ. ಈ ತಿಂಗಳ 3, 9, 10 ಮತ್ತು 17ರಂದು ಈ ಜಾಗದಲ್ಲಿ ಫ್ಲ್ಯಾಟ್ 210ಕ್ಕೆ ಸೇರಿದ ವಾಹನ ನಿಂತಿತ್ತು. ಸೆಕ್ಯೂರಿಟಿ ಪುಸ್ತಕದ ಪುಟ ಮತ್ತು ಫೋಟೋ ಇವೆ. ದಯವಿಟ್ಟು ಬೈಲಾ ಪ್ರಕಾರ ಕ್ರಮ ತೆಗೆದುಕೊಂಡು, 15 ದಿನದೊಳಗೆ ಲಿಖಿತ ಉತ್ತರ ಕೊಡಬೇಕಾಗಿ ಕೋರುತ್ತೇನೆ."

ಇಮೇಲ್ ಮಾಡಿ, ಒಂದು ಪ್ರತಿಯನ್ನು ಆಫೀಸಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಮುಂದೆ ಎಲ್ಲಿಗೆ ಹೋದರೂ ಮೊದಲು ಕೇಳುವ ಕಾಗದ ಇದೇ.

ನೀವೇ ಕಮಿಟಿಯಲ್ಲಿದ್ದರೆ

ಇಬ್ಬರನ್ನೂ ಕರೆಸಿ, ಎರಡೂ ಕಡೆಯ ಕಾಗದ ನೋಡಿ, ತೀರ್ಮಾನವನ್ನು ಮಿನಿಟ್ಸ್ ಪುಸ್ತಕದಲ್ಲಿ ಬರೆಯಿರಿ. ಒಬ್ಬರ ಮಾತು ಕೇಳಿ ಇನ್ನೊಬ್ಬರಿಗೆ ನೋಟಿಸ್ ಕೊಟ್ಟರೆ ಆ ನೋಟಿಸ್ಸೇ ನಿಮ್ಮ ಕಾಲಿಗೆ ಸುತ್ತಿಕೊಳ್ಳುತ್ತೆ.

ದಂಡ ಹಾಕಬೇಕಾದರೆ ಅದು ಬೈಲಾದಲ್ಲಿ ಇರಬೇಕು. ವಾಟ್ಸಾಪಿನಲ್ಲಿ "ಇವತ್ತಿನಿಂದ 500 ರೂಪಾಯಿ ಫೈನ್" ಅಂತ ಹಾಕಿದರೆ ಯಾರೂ ಕಟ್ಟಬೇಕಿಲ್ಲ. 1972ರ ಕಾಯ್ದೆಯ ಕೆಳಗಿರುವ ಅಸೋಸಿಯೇಷನ್ನುಗಳಲ್ಲಂತೂ ಬೈಲಾ ತಿದ್ದಿದರೆ ಡಿಕ್ಲರೇಷನ್ನಿನ ತಿದ್ದುಪಡಿಯಾಗಿ ದಾಖಲಾಗಬೇಕು. ಚಕ್ರಕ್ಕೆ ಬೀಗ ಹಾಕುವುದು, ದಂಡ ಕಟ್ಟಿಲ್ಲ ಅಂತ ನೀರು, ಕರೆಂಟು ಕಟ್ ಮಾಡುವುದು, ಲಿಫ್ಟ್ ಕಾರ್ಡ್ ಬಂದ್ ಮಾಡುವುದು ಕೆಲವು ಕಡೆ ನಡೆಯುತ್ತೆ. ಇದರಲ್ಲಿ ಗೆದ್ದಂತೆ ಕಂಡರೂ ಪೊಲೀಸ್ ಸ್ಟೇಷನ್ನಿಗೆ ಓಡಾಡುವವರು ಕಾರ್ಯದರ್ಶಿಯೇ.

ಒಂದು ಭಾನುವಾರ ಕೂತು ಪಾರ್ಕಿಂಗ್ ಪಟ್ಟಿ ಮಾಡಿ: ಸ್ಲಾಟ್, ಫ್ಲ್ಯಾಟ್, ಯಾವ ಕಾಗದದ ಆಧಾರ, ಗಾಡಿ ನಂಬರ್. ಅದನ್ನು ಜನರಲ್ ಬಾಡಿಯಲ್ಲಿ ಇಟ್ಟು ಒಪ್ಪಿಗೆ ಪಡೆಯಿರಿ. ನಾವು ಹೀಗೆ ಮಾಡಿದಾಗ ಮೂರು ಸ್ಲಾಟುಗಳಿಗೆ ಇಬ್ಬಿಬ್ಬರು ವಾರಸುದಾರರು ಸಿಕ್ಕರು, ಒಂದು ಸ್ಲಾಟಿನಲ್ಲಿ ಯಾರದೋ ಕೆಟ್ಟು ನಿಂತ ಸ್ಕೂಟರ್, ತಗಡು, ಹಳೇ ಮಂಚ ತುಂಬಿತ್ತು, ವಾರಸುದಾರರೇ ಇರಲಿಲ್ಲ. ಉಳಿದ ಸಾಮಾನ್ಯ ಸ್ಲಾಟುಗಳನ್ನು ಎರಡನೇ ಕಾರು ಇರುವವರಿಗೆ ಚೀಟಿ ಎತ್ತಿ, ವರ್ಷಕ್ಕೊಮ್ಮೆ ಬದಲಿಸಿ, ತಿಂಗಳ ಬಾಡಿಗೆ ಇಟ್ಟರೆ ದುಡ್ಡು ಅಸೋಸಿಯೇಷನ್ ಖಾತೆಗೆ ಬರುತ್ತೆ, ಗೊಣಗಾಟ ಕಡಿಮೆಯಾಗುತ್ತೆ. ವಿಸಿಟರ್ಸ್ ಜಾಗವನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ನಕ್ಷೆಯಲ್ಲಿ ಅದು ಬಂದವರಿಗೆ ಅಂತ ಇದ್ದರೆ ಬಂದವರಿಗೇ ಇರಲಿ.

ಒಂದರ ಹಿಂದೆ ಒಂದು ನಿಲ್ಲಿಸುವ ಸ್ಲಾಟುಗಳು ಬೇರೆಯೇ ರಾಮಾಯಣ. ಎರಡೂ ಒಂದೇ ಮನೆಗೆ ಇದ್ದರೆ ಸರಿ. ಎರಡು ಮನೆಗೆ ಹಂಚಿದ್ದರೆ, ಒಂದೊಂದು ಕೀ ಸೆಕ್ಯೂರಿಟಿ ಹತ್ತಿರ ಇಡುವ ಒಪ್ಪಂದ ಇಲ್ಲದೆ ಬದುಕಲಿಕ್ಕಾಗೋಲ್ಲ. ಎಲೆಕ್ಟ್ರಿಕ್ ಗಾಡಿಯವರಿಗೆ ಚಾರ್ಜಿಂಗ್ ಪಾಯಿಂಟ್ ಕೊಡುವಾಗ ಅವರ ಮೀಟರಿನಿಂದಲೇ ವೈರ್ ಎಳೆದು, ಎಲೆಕ್ಟ್ರಿಷಿಯನ್ ಕೈಯಲ್ಲಿ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಸಹಿತ ಹಾಕಿಸಿ. ಕಾಮನ್ ಏರಿಯಾ ಲೈನಿನಿಂದ ಯಾರೋ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿಕೊಂಡಿದ್ದರೆ ಅದನ್ನು ಇವತ್ತೇ ತೆಗೆಸಿ.

ಹಂತ 6: ಬಿಲ್ಡರ್ ಮಾಡಿದ ಗೋಜಲಾದರೆ

ಒಂದೇ ಸ್ಲಾಟನ್ನು ಇಬ್ಬರಿಗೆ ಕೊಟ್ಟಿದ್ದರೆ, ವಿಸಿಟರ್ಸ್ ಜಾಗ ಮಾರಿದ್ದರೆ, ನಕ್ಷೆಯಲ್ಲಿ ಪಾರ್ಕಿಂಗ್ ಇದ್ದ ಕಡೆ ಅಂಗಡಿ ಕಟ್ಟಿದ್ದರೆ, ಪಕ್ಕದ ಮನೆಯವರ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ. ಅವರೂ ನಿಮ್ಮ ಹಾಗೇ ಮೋಸ ಹೋದವರು. ಇಬ್ಬರೂ ಸೇರಿ ಬಿಲ್ಡರ್ ಮೇಲೆ ಹೋಗಿ.

ರೇರಾ ವ್ಯಾಪ್ತಿಯ ಪ್ರಾಜೆಕ್ಟಾದರೆ 31ನೇ ಸೆಕ್ಷನ್ನಿನ ಕೆಳಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು. ಜಮೀನು 500 ಚದರ ಮೀಟರಿಗಿಂತ ಜಾಸ್ತಿ ಇದ್ದು, ಫ್ಲ್ಯಾಟ್ ಎಂಟಕ್ಕಿಂತ ಜಾಸ್ತಿ ಇದ್ದರೆ ನೋಂದಣಿ ಕಡ್ಡಾಯ. ರೇರಾ ಮಾದರಿಯ ಮಾರಾಟ ಕರಾರಿನಲ್ಲಿ ಪಾರ್ಕಿಂಗ್ ನಂಬರ್, ಚದರಡಿ, ಎಲ್ಲಿದೆ ಅನ್ನೋದಕ್ಕೆ ಖಾಲಿ ಜಾಗ ಬಿಟ್ಟಿರುತ್ತಾರೆ. ನಿಮ್ಮ ಕರಾರಿನಲ್ಲಿ ಅದನ್ನು ತುಂಬಿದ್ದಾರಾ ನೋಡಿ. ಗೀಟು ಎಳೆದು ಬಿಟ್ಟಿದ್ದರೆ ಅದೂ ಒಂದು ಸಾಕ್ಷಿ. 2017ರ ಮೇ 1ಕ್ಕಿಂತ ಮುಂಚೆಯೇ ಪೂರ್ಣಗೊಂಡ ಪ್ರಮಾಣಪತ್ರ ಪಡೆದ ಹಳೇ ಕಟ್ಟಡಗಳಿಗೆ ನೋಂದಣಿ ಬೇಕಿರಲಿಲ್ಲ. ಅಂಥವರಿಗೆ ಉಳಿದ ದಾರಿ ಗ್ರಾಹಕ ಆಯೋಗ, ಇಲ್ಲವೇ ಸಿವಿಲ್ ಕೋರ್ಟು. ನೀವು ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು ಅನ್ನೋದು ನೆನಪಿರಲಿ.

ನೆರೆಮನೆಯವರ ಮೇಲೆ ರೇರಾಗೆ ಹೋಗಬೇಡಿ. ಅದು ಬಿಲ್ಡರ್, ಏಜೆಂಟ್ ಮತ್ತು ಕೊಂಡವರ ನಡುವಿನ ವ್ಯವಹಾರಕ್ಕೆ ಇರುವ ಕಟ್ಟೆ.

ಹಂತ 7: ಹೊರಗೆ ಹೋಗಲೇಬೇಕಾದರೆ

ಅಸೋಸಿಯೇಷನ್ ಯಾವ ಕಾಯ್ದೆಯ ಕೆಳಗೆ ನೋಂದಣಿಯಾಗಿದೆ ಅನ್ನೋದರ ಮೇಲೆ ದಾರಿ ಬದಲಾಗುತ್ತೆ. ಸಹಕಾರ ಸಂಘವಾದರೆ 1959ರ ಕಾಯ್ದೆಯ 70ನೇ ಸೆಕ್ಷನ್ನಿನಂತೆ ತಕರಾರು ಸಹಕಾರ ಸಂಘಗಳ ರಿಜಿಸ್ಟ್ರಾರ್ ಮುಂದೆ ಹೋಗುತ್ತೆ. 1972ರ ಕಾಯ್ದೆಯದಾದರೆ, ಬೈಲಾ ಮುರಿದವರ ಮೇಲೆ ಅಸೋಸಿಯೇಷನ್ನಾಗಲಿ ತೊಂದರೆಗೊಳಗಾದ ಮಾಲೀಕರಾಗಲಿ ಕೋರ್ಟಿಗೆ ಹೋಗಿ ನಷ್ಟ ಪರಿಹಾರವನ್ನೂ ತಡೆಯಾಜ್ಞೆಯನ್ನೂ ಕೇಳಲು ಅವಕಾಶ ಇದೆ. 1960ರ ಸೊಸೈಟಿ ಕಾಯ್ದೆಯಲ್ಲಿ ನೋಂದಣಿ ಮಾಡಿಸಿಕೊಂಡು ಕೂತ ಅಸೋಸಿಯೇಷನ್ನುಗಳೂ ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಅಲ್ಲಿ ಡಿಕ್ಲರೇಷನ್ನೇ ಇಲ್ಲದಿದ್ದರೆ ನಿಮ್ಮ ಸೇಲ್ ಡೀಡೇ ಆಸರೆ.

ಕೋರ್ಟಿಗೆ ಮುಂಚೆ ವಕೀಲರಿಂದ ಒಂದು ನೋಟಿಸ್ ಕಳಿಸಿ. ಎಷ್ಟೋ ಸಲ ಆ ಕಂದು ಲಕೋಟೆ ಕಂಡ ಕೂಡಲೇ ಸ್ಲಾಟ್ ಖಾಲಿಯಾಗುತ್ತೆ. ಇನ್ನೊಂದು ಅಗ್ಗದ ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ: ಕೇಸು ಹಾಕುವ ಮೊದಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್ತಿನಲ್ಲಿ ಕೂರಬಹುದು. ಕೋರ್ಟ್ ಶುಲ್ಕ ಇಲ್ಲ. ಇಬ್ಬರೂ ಒಪ್ಪಿ ಬರೆಸಿದ ರಾಜಿಗೆ ಡಿಕ್ರಿಯ, ಅಂದರೆ ಕೋರ್ಟ್ ಆದೇಶದ, ಬಲ ಇರುತ್ತೆ, ಅದರ ಮೇಲೆ ಅಪೀಲು ಇಲ್ಲ. ದಿನಾ ಒಂದೇ ಲಿಫ್ಟಿನಲ್ಲಿ ಮುಖ ನೋಡಬೇಕಾದವರಿಗೆ ಇದಕ್ಕಿಂತ ಒಳ್ಳೇದು ನಾನು ಕಂಡಿಲ್ಲ.

ಪೊಲೀಸರ ಕೆಲಸ ಎಲ್ಲಿ ಶುರುವಾಗುತ್ತೆ? ಸ್ಲಾಟ್ ಯಾರದು ಅಂತ ಅವರು ತೀರ್ಮಾನಿಸೋಲ್ಲ, "ಸಿವಿಲ್ ಮ್ಯಾಟರ್" ಅಂತ ಕಳಿಸುತ್ತಾರೆ, ಅದು ಸರಿಯೂ ಹೌದು. ಆದರೆ ಬೆದರಿಸಿದರೆ, ಕೈ ಮಾಡಿದರೆ, ಗಾಡಿ ಒಡೆದರೆ 112ಕ್ಕೆ ಫೋನ್ ಮಾಡಿ. ಕ್ಯಾಮೆರಾ ದೃಶ್ಯ ಅಳಿಸಿ ಹೋಗುವ ಮೊದಲು ಅದರ ಪ್ರತಿ ತೆಗೆದಿಡಲು ಕಮಿಟಿಗೆ ಅವತ್ತೇ ಇಮೇಲ್ ಮಾಡಿ. ಬಹಳಷ್ಟು ರೆಕಾರ್ಡರುಗಳಲ್ಲಿ ಎರಡು ಮೂರು ವಾರಕ್ಕಿಂತ ಹಳೆಯದು ಉಳಿಯುವುದಿಲ್ಲ.

ಬಾಡಿಗೆಗೆ ಬರುವವರಿಗೆ, ರೀಸೇಲ್ ಮನೆ ಕೊಳ್ಳುವವರಿಗೆ

ಬಾಡಿಗೆ ಕರಾರಿನಲ್ಲಿ ಸ್ಲಾಟ್ ನಂಬರ್ ಬರೆಸಿಕೊಳ್ಳಿ. ಎಷ್ಟೋ ಮಾಲೀಕರು ಫ್ಲ್ಯಾಟನ್ನು ನಿಮಗೆ, ಸ್ಲಾಟನ್ನು ಪಕ್ಕದ ಮನೆಯವರಿಗೆ ಬಾಡಿಗೆಗೆ ಕೊಟ್ಟಿರುತ್ತಾರೆ. ಬಂದ ಮೇಲೆ ಗೊತ್ತಾಗುತ್ತೆ.

ಕೊಳ್ಳುವವರು ಮಾರುವವರ ಹಳೇ ಡೀಡ್ ಓದಿ, ಪಾರ್ಕಿಂಗ್ ಸಾಲನ್ನು ಹೊಸ ಡೀಡಿಗೂ ಅದೇ ಮಾತಿನಲ್ಲಿ, ನಂಬರ್ ಸಹಿತ ಹಾಕಿಸಿ. ಅಸೋಸಿಯೇಷನ್ನಿನಿಂದ ನೋ ಡ್ಯೂ ಪತ್ರ ತರುವಾಗ "ಸ್ಲಾಟ್ ಇಂಥದ್ದು, ಇದರ ಮೇಲೆ ತಕರಾರು ಇಲ್ಲ" ಅಂತ ಒಂದು ಸಾಲು ಸೇರಿಸಿ ಕೊಡಿ ಅಂತ ಕೇಳಿ. ಮುಂಗಡ ಕೊಡುವ ಮೊದಲು ಒಂದು ರಾತ್ರಿ ಎಂಟರ ನಂತರ, ಎಲ್ಲರೂ ಕೆಲಸದಿಂದ ಬಂದ ಮೇಲೆ, ನಿಮ್ಮ ಕಾರನ್ನೇ ತೆಗೆದುಕೊಂಡು ಹೋಗಿ. ಆ ಸ್ಲಾಟಿನಲ್ಲಿ ನಿಲ್ಲಿಸಿ, ಬಾಗಿಲು ತೆರೆದು, ಮನೆಯವರನ್ನೂ ಇಳಿಸಿ ನೋಡಿ. ಅಜ್ಜಿ ಜೊತೆಗಿದ್ದರೆ ಅವರನ್ನೂ.